ಅಂಗಿಯೊಡನೆ ಮನೆಗೆ ಬರುವ ಧೂಳು

ಬೆಂಗಳೂರಿನೊಳಗೆ ಸೇರಿಹೋದ ಹಳ್ಳಿಗಳಲ್ಲಿ ಹೊಸಕೆರೆಹಳ್ಳಿಯೂ ಒಂದು. ಇಂತಹ ಊರುಗಳ ವಠಾರ, ಗೋದಾಮುಗಳಲ್ಲಿ ಮಂಗಳೂರು ಹೆಂಚಿನ ಸ್ಥಾನವನ್ನು ಬೂದುಬಣ್ಣದ ಸಿಮೆಂಟು ಶೀಟು ಆಕ್ರಮಿಸಿ ದಶಕಗಳೇ ಸಂದಿವೆ. ಆ ಹಳೆಯ ಶೀಟುಗಳೊಳಗಿರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಂಬ ಖನಿಜದ ಎಳೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯಲ್ಲಿಯೂ ಈ ಖನಿಜದ ನಿಕ್ಷೇಪಗಳುಂಟು.

ಮಾಡಿನ ಮೇಲೆ ಸುಮ್ಮನಿರುವ ಗಟ್ಟಿ ಶೀಟಿಗಿಂತ, ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ, ಒಡೆದು ಕೆಡವುವಾಗ ಏಳುವ ಧೂಳು ಹೆಚ್ಚು ಘಾತುಕ. ಕೆಲಸಗಾರನು ಸಂಜೆ ಅದನ್ನು ಅಂಗಿಯ ಮಡಿಕೆಗಳಲ್ಲಿ, ತಲೆಗೂದಲಲ್ಲಿ ಹೊತ್ತು ಮನೆಗೆ ಬರುತ್ತಾನೆ. ಮಗು ಓಡಿಬಂದು ತೊಡೆಯೇರುತ್ತದೆ. ಹೆಂಡತಿ ಒಗೆಯುವ ಮುನ್ನ ಅಂಗಿಯನ್ನು ಕೊಡವುತ್ತಾಳೆ. ಕಣ್ಣಿಗೆ ಕಾಣದ ಎಳೆಗಳು ಆಗ ಅವಳ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ರೋಗವು ತಲೆದೋರಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳೇ ಹಿಡಿಯಬಹುದು.

ಇದು ಬರಿಯ ಊಹೆಯಲ್ಲ. 1965ರಲ್ಲಿ ಲಂಡನ್ನಿನ ಸಂಶೋಧಕರಾದ ನ್ಯೂಹೌಸ್ ಮತ್ತು ಥಾಂಪ್ಸನ್ ಅವರು ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೆ ತುತ್ತಾದ 76 ಮಂದಿಯ ಪೂರ್ವವೃತ್ತಾಂತವನ್ನು ಶೋಧಿಸಿ ಪ್ರಕಟಿಸಿದರು. ಅವರಲ್ಲಿ 9 ಮಂದಿ ಸ್ವತಃ ಕಲ್ನಾರಿನ ಕೆಲಸ ಮಾಡಿದವರಲ್ಲ, ಅವರ ಮನೆಯವರು ಮಾಡುತ್ತಿದ್ದರು. ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯ ಕಥೆಯೇ ಅವುಗಳಲ್ಲಿ ಹೆಚ್ಚಾಗಿತ್ತು.

ಭಾರತದ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ, ಕಲ್ನಾರು ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆಜ್ಞಾಪಿಸಿತು. ಶ್ಲಾಘ್ಯವಾದ ತೀರ್ಪು. ಆದರೆ ಬಟ್ಟೆ ಒಗೆದವಳ ಹೆಸರು ಯಾವ ದಾಖಲೆಯಲ್ಲಿದೆ? ಕೆಲಸದ ಉಡುಪನ್ನು ಮನೆಗೆ ಒಯ್ಯುವುದನ್ನೇ ನಿಷೇಧಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1986ರ ಒಡಂಬಡಿಕೆ ಹೇಳುತ್ತದೆ. ದಿನಗೂಲಿಗೆ ಶೀಟು ಇಳಿಸುವವನಿಗಾದರೋ ಕಾರ್ಖಾನೆಯೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ, ಬಟ್ಟೆ ಬದಲಿಸಲು ಒಂದು ಮರೆಯೂ ಇಲ್ಲ.

ಅಂಗಿಯನ್ನು ಕೊಡವದೆ ನೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆಯಬೇಕೆಂಬ ಸಲಹೆ ಸರಿಯೇ. ಆದರೆ ಉಪದೇಶವನ್ನೆಲ್ಲ ಒಗೆಯುವವಳಿಗೇ ಮೀಸಲಿಡುವುದು ಅನ್ಯಾಯ. ಶೀಟನ್ನು ನೆನೆಸಿ ಒಡೆಯದಂತೆ ಇಳಿಸುವ ವ್ಯವಸ್ಥೆ, ಸ್ನಾನಕ್ಕೆ ನೀರು, ಬದಲಿ ಬಟ್ಟೆ, ಇವುಗಳ ಖರ್ಚು ಕೆಲಸ ಮಾಡಿಸುವ ಮನೆಯೊಡೆಯನದೂ ಮೇಸ್ತ್ರಿಯದೂ ಆಗತಕ್ಕದ್ದು. ಏದುಸಿರು ಬಿಡುತ್ತ ಬಂದ ಗೃಹಿಣಿಯನ್ನು ವೈದ್ಯರು ಒಲೆಯ ಹೊಗೆಯ ಬಗೆಗೆ ಕೇಳುತ್ತಾರೆ, ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಮೂವತ್ತು ವರ್ಷಗಳ ಹಿಂದೆ ಅವಳ ತಂದೆ ಅಥವಾ ಗಂಡ ಯಾವ ಕೆಲಸದಲ್ಲಿದ್ದ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.