ಬೀಗ ಹಾಕಿದರೆ ಸಾಲದು, ಗಣಿ ಯಾರದು?

2022ರ ನವೆಂಬರ್ ತಿಂಗಳಲ್ಲಿ ಕೆನಡಾ ಸರ್ಕಾರವು ಚೀನದ ಮೂರು ಕಂಪನಿಗಳಿಗೆ ಆಜ್ಞೆಯೊಂದನ್ನು ಹೊರಡಿಸಿತು. ಕೆನಡಾದ ಮೂರು ಲಿಥಿಯಂ ಕಂಪನಿಗಳಲ್ಲಿ ನೀವು ಹಾಕಿರುವ ಬಂಡವಾಳವನ್ನು ಮಾರಿಕೊಂಡು ಹೊರಡಿ ಎಂಬುದೇ ಆ ಆಜ್ಞೆ. ಕೊಟ್ಟ ಕಾರಣ, ರಾಷ್ಟ್ರದ ಭದ್ರತೆ.

ಈ ಕಾರಣವನ್ನು ನಾವು ಹಗುರವಾಗಿ ತಳ್ಳಿಹಾಕುವವರಲ್ಲ. ಮೊಬೈಲಿನಿಂದ ಹಿಡಿದು ವಿದ್ಯುತ್ ಕಾರಿನವರೆಗೆ ಬ್ಯಾಟರಿಗೆ ಲಿಥಿಯಂ ಬೇಕು. ಅದಿರು ಯಾರ ಕೈಯಲ್ಲೋ ಕಾರ್ಖಾನೆಯ ಜುಟ್ಟು ಅವರ ಕೈಯಲ್ಲಿ. 2023ರಲ್ಲಿ ಚೀನವು ಗ್ಯಾಲಿಯಂ, ಜರ್ಮೇನಿಯಂ ಲೋಹಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿದಾಗ ಇದು ಜಗತ್ತಿಗೇ ಮನದಟ್ಟಾಯಿತು. ಹತ್ತಿ ಬಾರದಿದ್ದರೆ ಮಗ್ಗ ನಿಲ್ಲುತ್ತದೆಂದು ಮಿಲ್ಲಿನ ಕಾರ್ಮಿಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆದರೆ ಆ ಮೂರು ಕೆನಡಾ ಕಂಪನಿಗಳಲ್ಲಿ ಒಂದರ ಹೆಸರೇ ಲಿಥಿಯಂ ಚಿಲಿ. ಅದು ಹಕ್ಕು ಪಡೆದಿದ್ದ ನೆಲ ಚಿಲಿ, ಅರ್ಜೆಂಟೀನಾಗಳದ್ದು. ನೆಲ ಅವರದು, ಭದ್ರತೆ ಕೆನಡಾದ್ದು! ಆ ಜನಕ್ಕೆ ಕೆನಡಾ ಕಂಪನಿಯೂ ಹೊರಗಿನದೇ ಅಲ್ಲವೆ?

ಹೋಗಲಿ, ಕೆನಡಾದ ಕೂಲಿಕಾರನಿಗಾದರೂ ಇಂಥ ಬೀಗದಿಂದ ಏನು ದಕ್ಕೀತು? ಅದೇ ದೇಶದ ಸಸ್ಕಾಚೆವಾನ್ ಪ್ರಾಂತದ ಪೊಟ್ಯಾಷ್ ಗಣಿಗಳ ಕಥೆಯನ್ನು ನೋಡೋಣ. ನಮ್ಮ ಗೊಬ್ಬರದಂಗಡಿಗಳಿಗೆ ಪೊಟ್ಯಾಷ್ ಬರುವ ದೇಶಗಳಲ್ಲಿ ಕೆನಡಾವೂ ಒಂದು. 1975ರಲ್ಲಿ ಆ ಪ್ರಾಂತ ಸರ್ಕಾರ ತನ್ನದೇ ಕಂಪನಿ ಸ್ಥಾಪಿಸಿ, ಖಾಸಗಿಯವರ ಗಣಿಗಳನ್ನು ಕೊಂಡು ಜನರ ಆಸ್ತಿಯಾಗಿ ಮಾಡಿತು. 1989ರಲ್ಲಿ ಬೇರೊಂದು ಪಕ್ಷದ ಸರ್ಕಾರ ಅದರ ಷೇರುಗಳನ್ನು ಪೇಟೆಗೆ ಬಿಟ್ಟಿತು. 2010ರಲ್ಲಿ ಬಿಎಚ್‌ಪಿ ಎಂಬ ಪರದೇಶದ ಗಣಿ ಕಂಪನಿ ಸುಮಾರು 3,900 ಕೋಟಿ ಡಾಲರಿಗೆ ಅದನ್ನು ಕೊಳ್ಳಲು ಬಂದಿತು. ಆಗ ಗದ್ದಲವೆದ್ದಿತು; ದೇಶಕ್ಕೆ ನಿವ್ವಳ ಲಾಭವಿಲ್ಲವೆಂದು ಕೇಂದ್ರ ಸರ್ಕಾರ ತಡೆಯಿತು. ಸರಿಯಾಗಿಯೇ ತಡೆಯಿತು.

ಮುಂದೆ? 2013ರ ಡಿಸೆಂಬರಿನಲ್ಲಿ, ಬೇಡಿಕೆಯಿಲ್ಲವೆಂದು ಅದೇ ಸ್ವದೇಶಿ ಕಂಪನಿ 1,045 ಕೆಲಸಗಳಿಗೆ ಕತ್ತರಿ ಹಾಕಿತು. ಅದರಲ್ಲಿ ಸುಮಾರು 440 ಸಸ್ಕಾಚೆವಾನಿನವು. ಹೊರಗಿನ ಧಣಿಯನ್ನು ತಡೆದ ಕಾನೂನಿಗೆ ಒಳಗಿನ ಧಣಿಯ ಕೈ ಕಾಣಿಸಲಿಲ್ಲ. ಗಣಿಯೂರಿನಲ್ಲಿ ನೂರಾರು ಸಂಬಳ ನಿಂತರೆ ಅಂಗಡಿಯ ಉದ್ರಿ ಪುಸ್ತಕ ಎಷ್ಟು ದಪ್ಪವಾಗುತ್ತದೆಂದು ನಮ್ಮ ಸಣ್ಣ ವ್ಯಾಪಾರಿಗಳೇ ಹೇಳಲಿ.

ಈ ಕಥೆ ನಮಗೇಕೆ? 2020ರ ಏಪ್ರಿಲಿನಲ್ಲಿ ನಮ್ಮ ಸರ್ಕಾರವೂ ಗಡಿ ಹಂಚಿಕೊಂಡ ದೇಶಗಳ ಬಂಡವಾಳಕ್ಕೆ ಅಪ್ಪಣೆಯ ಬೀಗ ಹಾಕಿತು. ಆದರೆ 2023ರಲ್ಲಿ ಗಣಿ ಕಾನೂನನ್ನು ತಿದ್ದಿ, ಅಣು ಖನಿಜಗಳ ಪಟ್ಟಿಯಲ್ಲಿದ್ದ ಲಿಥಿಯಮನ್ನು ತೆಗೆದು, ಖಾಸಗಿಯವರ ಹರಾಜಿಗೆ ದಾರಿ ಮಾಡಿತು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದೇ ಇದೆ. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಾಗಿರುವುದನ್ನು ವಾಚಕರು ಮರೆಯಬಾರದು.

ಸರ್ಕಾರದ ಗಣಿಯಾದರೆ ಎಲ್ಲವೂ ಸರಿಹೋಯಿತೆಂದು ನಾವು ಹೇಳುತ್ತಿಲ್ಲ. 1956ರಲ್ಲಿ ಬ್ರಿಟಿಷರ ಕಂಪನಿಯ ಕೈಯಿಂದ ಮೈಸೂರು ಸರ್ಕಾರಕ್ಕೆ ಬಂದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಇಡೀ ಊರೇ ಬೀದಿಗೆ ಬಿದ್ದಿತು. ಆದ್ದರಿಂದ ನಾವು ಕೇಳುವುದು ಇಷ್ಟು: ಇಂಥ ಖನಿಜ ಸಾರ್ವಜನಿಕ ಒಡೆತನದಲ್ಲಿರಲಿ, ನೆಲ ಬಿಡುವ ಹಳ್ಳಿಯ ಒಪ್ಪಿಗೆಯಿಲ್ಲದೆ ಗುದ್ದಲಿ ಬೀಳದಿರಲಿ, ತೆಗೆಯುವಾಗಲೂ ಮುಚ್ಚುವಾಗಲೂ ಕಾರ್ಮಿಕರ ಪ್ರತಿನಿಧಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನವಿರಲಿ. ಷೇರುದಾರನ ಪಾಸ್‌ಪೋರ್ಟನ್ನು ಪರೀಕ್ಷಿಸುವ ಸರ್ಕಾರ, ಕಾರ್ಮಿಕನ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ.