'ಬೂಸಾ' ಎಂಬ ಬೈಗುಳ

ಒಲ್ಲದ ಬರಹವನ್ನು 'ಬೂಸಾ' ಎಂದು ಜರೆಯುವ ಮುನ್ನ ಆ ಶಬ್ದವನ್ನೊಮ್ಮೆ ಕೇರಿ ನೋಡಿರಿ. ಹಿಂದಿಯಲ್ಲಿ ಅದು 'ಭೂಸಾ'. ಸಂಸ್ಕೃತದ 'ಬುಸ'ಕ್ಕೂ ಹೊಟ್ಟೆಂದೇ ಅರ್ಥ. ಕಾಳು ಮನುಷ್ಯನಿಗೆ, ಬೂಸಾ ದನಕ್ಕೆ. ಬೈಗುಳದ ಬೇರು ಇಷ್ಟೇ. (ಅದನ್ನು ಮೆಯ್ದ ಹಸುವಿನ ಹಾಲು ಮಾತ್ರ ನಮಗೆ ಬೇಕು!)

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚೆಂದರು. ಗದ್ದಲವೆದ್ದಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಸಚಿವರು ಪದವಿ ತೊರೆಯಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಇವರೇ. ಮಲ ಹೊತ್ತವರ ಬಾಳು ನಮ್ಮ ಗ್ರಂಥಗಳಲ್ಲಿ ಎಷ್ಟು ಪುಟಗಳಲ್ಲಿದೆಯೆಂದು ಅಂದು ಎಣಿಸಿದವರೆಷ್ಟು ಮಂದಿ? ಮಾತಿಗೆ ಮಾತು ಕೊಡಬೇಕಿತ್ತು, ಕಲ್ಲನ್ನಲ್ಲ. ಇಂದು ದಲಿತರ ಬರಹವನ್ನೇ ಓದದೆ ಬೂಸಾ ಎನ್ನುವವರನ್ನು ಕೇಳುತ್ತೇವೆ: ಎಷ್ಟು ಪುಟ ಓದಿದಿರಿ?