ಗಣಕವಿಜ್ಞಾನದ ಸಂಶೋಧನೆ: ಒಬ್ಬ ವಿದ್ಯಾರ್ಥಿಯ ಅಭಿಪ್ರಾಯ

ಹುಡುಗನೊಬ್ಬನು ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷಕ್ಕೆ ಬಂದನೆಂದರೆ ಊರಿನಲ್ಲಿ ಅವನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಕೆಲಸ ಆಯಿತೇ?" ಕಳೆದ ದೀಪಾವಳಿಗೆ ನ್ಯಾಮತಿ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದಾಗ ನಾನು, "ಆಗಿದೆ. ಆದರೆ ಸೇರುವ ಮನಸ್ಸಿಲ್ಲ. ಗಣಕವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ" ಎಂದು ಉತ್ತರ ಕೊಟ್ಟೆ. ನಮ್ಮ ದೊಡ್ಡಪ್ಪನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಪ್ಯೂಟರ್ ಆಗಲೇ ಕಂಡುಹಿಡಿದಾಗೈತಲ್ಲೋ ತಮ್ಮಾ, ಇನ್ನೇನು ಹುಡುಕ್ತೀ?" ಎಂದರು.

ಅಂದು ಅವರಿಗೆ ಸಮರ್ಪಕವಾದ ಉತ್ತರ ಹೇಳಲಾರದೆ ಹೋದೆ. ಹಾಸ್ಟೆಲಿಗೆ ಹಿಂದಿರುಗಿದ ಮೇಲೆ ವಿಚಾರಿಸಿ ನೋಡಿದರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ದಾವಣಗೆರೆಗೆ ಓದಲು ಬಂದಿರುವ ನನ್ನ ಸಹಪಾಠಿಗಳಲ್ಲಿ ಬಹುಮಂದಿಗೂ ಇದೇ ಸಂದೇಹವಿದೆಯೆಂದು ತಿಳಿಯಿತು. ಆದುದರಿಂದ ನನಗೆ ತೋರಿದ ಉತ್ತರವನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಗಣಕಯಂತ್ರವನ್ನು ಬಳಸುವುದು ಬೇರೆ, ಗಣಕವಿಜ್ಞಾನ ಬೇರೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಹತ್ತು ಲಕ್ಷ ರೈತರ ಹೆಸರುಗಳಿರುವ ಒಂದು ಖಾತೆಪುಸ್ತಕವಿದೆಯೆಂದು ಊಹಿಸಿರಿ. ಒಂದು ಹೆಸರನ್ನು ಮೊದಲ ಪುಟದಿಂದ ಹುಡುಕುತ್ತ ಹೋದರೆ ಹತ್ತು ಲಕ್ಷ ಸಾಲುಗಳನ್ನೂ ನೋಡಬೇಕಾಗಿ ಬರಬಹುದು. ಹೆಸರುಗಳು ಅಕಾರಾದಿಯಾಗಿದ್ದರೆ ಪುಸ್ತಕವನ್ನು ನಟ್ಟನಡುವೆ ತೆರೆದು, ನಮಗೆ ಬೇಕಾದ ಹೆಸರು ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧವನ್ನು ಬಿಟ್ಟುಬಿಡಬಹುದು. ಹೀಗೆ ಅರ್ಧರ್ಧವಾಗಿ ಕಳೆಯುತ್ತ ಹೋದರೆ 20 ಸಲ ನೋಡುವುದರೊಳಗಾಗಿ ಹೆಸರು ಸಿಕ್ಕೇ ಸಿಗುತ್ತದೆ. ಪುಸ್ತಕ ಕಾಗದದ್ದಾಗಲಿ, ಯಂತ್ರದೊಳಗಿನದಾಗಲಿ, ಈ ಸತ್ಯ ಬದಲಾಗುವುದಿಲ್ಲ. ಇಂಥ ಗಣನವಿಧಾನಗಳನ್ನು ಕಂಡುಕೊಳ್ಳುವುದೂ, ಅವುಗಳ ಶಕ್ತಿಯೆಷ್ಟು, ಮಿತಿಯೆಷ್ಟು ಎಂದು ಸಾಧಿಸಿ ತೋರಿಸುವುದೂ ಈ ವಿಜ್ಞಾನದ ತಿರುಳು.

ಹಾಗಾದರೆ ಹುಡುಕುವುದಕ್ಕೆ ಏನು ಉಳಿದಿದೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ತುಂಗಭದ್ರೆಯ ನೀರನ್ನೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ನಮ್ಮ ಜಿಲ್ಲೆಯವರೆಲ್ಲ ಬಲ್ಲರು. ಈ ಕೆರೆಗಳನ್ನು ಒಂದಾದಮೇಲೊಂದರಂತೆ ತುಂಬಿಸಬೇಕೆಂದು ಇಟ್ಟುಕೊಳ್ಳಿ. ನೀರಿಗೂ ವಿದ್ಯುತ್ತಿಗೂ ಮಿತಿಯಿರುವಾಗ ಯಾವ ಕ್ರಮದಲ್ಲಿ ತುಂಬಿಸಿದರೆ ಹೆಚ್ಚು ಜನರಿಗೆ ಹೆಚ್ಚು ಪ್ರಯೋಜನವಾದೀತು? ಎಲ್ಲ ಕ್ರಮಗಳನ್ನೂ ಪರೀಕ್ಷಿಸಿ ಉತ್ತಮವಾದುದನ್ನು ಆರಿಸೋಣವೆಂದರೆ, 57 ಕೆರೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯೇ 77 ಅಂಕಿಗಳಷ್ಟು ಉದ್ದವಾದುದು! ಕ್ಷಣಕ್ಕೆ ಲಕ್ಷಕೋಟಿ ಕ್ರಮಗಳನ್ನು ನೋಡಬಲ್ಲ ಯಂತ್ರವು ವಿಶ್ವ ಹುಟ್ಟಿದಂದಿನಿಂದ, ಎಂದರೆ ಸುಮಾರು 1380 ಕೋಟಿ ವರ್ಷಗಳಿಂದ, ದುಡಿಯುತ್ತ ಬಂದಿದ್ದರೂ ಈ ಕೆಲಸದ ಅತ್ಯಲ್ಪಾಂಶವನ್ನೂ ಮುಗಿಸುತ್ತಿರಲಿಲ್ಲ. ಯಂತ್ರದ ವೇಗವೊಂದರಿಂದಲೇ ಎಲ್ಲವೂ ಸಾಧ್ಯವೆಂಬ ಭ್ರಮೆ ಇಲ್ಲಿಗೆ ಕಳೆಯುತ್ತದೆ.

ಇಂಥ ಅನೇಕ ಸಮಸ್ಯೆಗಳಿಗೆ ಎಲ್ಲ ಸಂದರ್ಭಗಳಲ್ಲಿಯೂ ಶೀಘ್ರವಾಗಿ ಅತ್ಯುತ್ತಮ ಉತ್ತರ ಕೊಡುವ ವಿಧಾನ ಇನ್ನೂ ದೊರೆತಿಲ್ಲ. ಅಂಥ ವಿಧಾನವು ಇರಲಾರದೆಂಬುದೂ ಸಿದ್ಧವಾಗಿಲ್ಲ. 1971ರಲ್ಲಿ ಸ್ಟೀಫನ್ ಕುಕ್ ಎಂಬ ವಿದ್ವಾಂಸರು ಖಚಿತವಾದ ರೂಪದಲ್ಲಿ ಮುಂದಿಟ್ಟ ಈ ಮೂಲಪ್ರಶ್ನೆಗೆ 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆಯು ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಸಾರಿತು. ಬಹುಮಾನವು ಇಂದಿಗೂ ಯಾರ ಪಾಲಿಗೂ ಬಂದಿಲ್ಲ.

ಇಷ್ಟು ಗಹನವಾದ ವಿಷಯ ನಮ್ಮಂಥವರಿಗೆ ನಿಲುಕುವುದೇ ಎಂದು ಹಿಂಜರಿಯುವವರು ಒಂದು ಪ್ರಸಂಗವನ್ನು ನೆನೆಯಬೇಕು. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಶೀಘ್ರವಾಗಿಯೂ, ಎಂದೂ ತಪ್ಪದಂತೆಯೂ, ಸಾಧಿಸಲಾಗದ ಯಾವ ಊಹೆಯನ್ನೂ ಆಶ್ರಯಿಸದೆಯೂ ನಿರ್ಣಯಿಸುವ ವಿಧಾನಕ್ಕಾಗಿ ಗಣಿತಜ್ಞರು ಬಹುಕಾಲ ಹುಡುಕಿದ್ದರು. 2002ರಲ್ಲಿ ಅದನ್ನು ಕಂಡುಕೊಂಡವರು ಕಾನ್ಪುರದ ಐಐಟಿಯ ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲರು ಮತ್ತು ಅದೇ ವರ್ಷ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಇಬ್ಬರು ತರುಣರು. ಅವರಿಗೆ ಬೇಕಾದುದು ಮಹಾಯಂತ್ರವಲ್ಲ. ಕಾಗದ, ಲೇಖನಿ, ಗಟ್ಟಿಯಾದ ಗಣಿತ ಹಾಗೂ ಸರಿಯಾದ ಗುರು.

ಇನ್ನೊಂದು ಕ್ಷೇತ್ರವಂತೂ ನಮ್ಮ ಸೀಮೆಯವರನ್ನೇ ಕಾದಿರುವಂತಿದೆ. ಅದು ಯಂತ್ರಕ್ಕೆ ಮಾತನ್ನು ತಿಳಿಸುವ ಕೆಲಸ. ಇಂದಿನ ಆಂಧ್ರಪ್ರದೇಶದ ಕಾಟೂರೆಂಬ ಹಳ್ಳಿಯಲ್ಲಿ 1937ರಲ್ಲಿ ಹುಟ್ಟಿ, ಸಿವಿಲ್ ಇಂಜಿನಿಯರಿಂಗ್ ಓದಿದ ರಾಜ್ ರೆಡ್ಡಿಯವರು ಈ ಕ್ಷೇತ್ರದ ಮೊದಲಿಗರಲ್ಲೊಬ್ಬರು. ಗಣಕವಿಜ್ಞಾನದ ಪರಮೋಚ್ಚ ಮನ್ನಣೆಯಾದ ಟ್ಯೂರಿಂಗ್ ಪ್ರಶಸ್ತಿಯು 1994ರಲ್ಲಿ ಅವರಿಗೂ ಎಡ್ವರ್ಡ್ ಫೈಗೆನ್‌ಬಾಮ್ ಎಂಬವರಿಗೂ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ‘ರೆಸ್ಪಿನ್’ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ 9 ಭಾಷೆಗಳ ಮಾತನ್ನು, ಅವುಗಳ ಪ್ರಾದೇಶಿಕ ಭೇದಗಳೊಡನೆ, ವಿಶೇಷವಾಗಿ ಕೃಷಿ ಮತ್ತು ಹಣಕಾಸಿನ ವಿಷಯಗಳಲ್ಲಿ ಸಂಗ್ರಹಿಸತೊಡಗಿದುದು ಇದೇ ಉದ್ದೇಶದಿಂದ. ಪತ್ರಿಕೆಯ ಕನ್ನಡವನ್ನು ಮಾತ್ರ ಕಲಿತ ಯಂತ್ರವು ಹೊನ್ನಾಳಿಯ ಸಂತೆಯಲ್ಲಿ ಮೆಕ್ಕೆಜೋಳದ ಧಾರಣೆ ಕೇಳುವ ಮುದುಕಿಯ ಮಾತಿಗೆ ತಬ್ಬಿಬ್ಬಾಗುವುದು ಸಹಜ. ಯಂತ್ರ ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂಬುದು ಆ ಮಾತನ್ನಾಡುತ್ತ ಬೆಳೆದವನಿಗೆ ಹೊಳೆಯುವಷ್ಟು ಬೇರೆಯವರಿಗೆ ಹೊಳೆಯದು. ಹಳ್ಳಿಯಿಂದ ಬಂದುದನ್ನು ನ್ಯೂನತೆಯೆಂದು ಭಾವಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಮನನಮಾಡಬೇಕು. ಒಳ್ಳೆಯ ಪ್ರಶ್ನೆಯೇ ಸಂಶೋಧಕನ ಮೂಲಧನ. ಅದು ನಮ್ಮ ಹೊಲದ ಬದುವಿನಲ್ಲಿಯೇ ಬಿದ್ದಿದೆ.

ಆದರೆ ಇದರ ಕಷ್ಟಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಡಾಕ್ಟರೇಟ್ ಪದವಿಗೆ ಸಾಮಾನ್ಯವಾಗಿ ಐದು ವರ್ಷಗಳಾದರೂ ಹಿಡಿಯುತ್ತವೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಕೇಂದ್ರ ಸರ್ಕಾರದ ಸಂಶೋಧನಾ ವೇತನ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ. ಒಬ್ಬನ ಜೀವನಕ್ಕೆ ಇದು ಸಾಕು. ಕೊಳವೆಬಾವಿಯ ಸಾಲ ತೀರಿಸಿ ತಂಗಿಯನ್ನು ಓದಿಸಬೇಕಾದವನಿಗೆ ಸಾಲದು. ಗೇಟ್, ನೆಟ್ ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಎಲ್ಲಿಯೋ ಸೇರಿಕೊಂಡವನಿಗೆ ಇಷ್ಟಾದರೂ ದೊರೆಯುವ ಭರವಸೆಯಿಲ್ಲ. ಹಣ ತೆತ್ತರೆ ಯಾವ ಲೇಖನವನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಉಂಟು. ಅವುಗಳ ಸಹವಾಸದಿಂದ ಪದವಿ ಬಂದೀತು, ವಿದ್ಯೆ ಬಾರದು. ಆದಕಾರಣ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಸೇರಿಸಿಕೊಳ್ಳುವ ಆಸೆಯಿಂದಾಗಲಿ, ಕೆಲಸ ಸಿಗಲಿಲ್ಲವೆಂಬ ಬೇಸರದಿಂದಾಗಲಿ ಈ ದಾರಿ ಹಿಡಿಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯ ಭಾರ ಹೊತ್ತು ಕೆಲಸಕ್ಕೆ ಸೇರುವ ಗೆಳೆಯನು ಯಾವ ವಿಧದಲ್ಲಿಯೂ ಕಡಿಮೆಯವನಲ್ಲ.

ಈಗ ಯಂತ್ರಗಳೇ ಪ್ರೋಗ್ರಾಂ ಬರೆಯತೊಡಗಿರುವಾಗ ಈ ವಿದ್ಯೆಗೆ ಭವಿಷ್ಯವೆಲ್ಲಿಯದೆಂದು ಕೇಳುವವರಿದ್ದಾರೆ. ಹೇಳಿದುದನ್ನು ಬರೆಯುವ ಕೆಲಸ ಯಂತ್ರಕ್ಕೆ ಹೋದಷ್ಟೂ, ಏನನ್ನು ಬರೆಯಿಸಬೇಕು, ಬರೆದುದು ಸರಿಯೇ ಎಂಬುದನ್ನು ಬಲ್ಲವನ ಬೆಲೆ ಹೆಚ್ಚುತ್ತದೆಂದು ನಾನು ನಂಬಿದ್ದೇನೆ. ಅದಕ್ಕೆ ಬೇಕಾದುದು ಗಣಿತದ ತಳಹದಿ. ಪ್ರೌಢಶಾಲೆಯಲ್ಲಿರುವ ತಮ್ಮತಂಗಿಯರು ಹೊಸಹೊಸ ಪ್ರೋಗ್ರಾಂ ಭಾಷೆಗಳ ಹೆಸರುಗಳನ್ನು ಕಂಠಪಾಠ ಮಾಡುವುದಕ್ಕಿಂತ, ಒಂದು ಪ್ರಮೇಯವನ್ನು ತಾವೇ ಸಾಧಿಸಲು ಪ್ರಯತ್ನಿಸುವುದು ಮೇಲು. ಸಂಖ್ಯಾಶಾಸ್ತ್ರ, ಸಂಭಾವ್ಯತೆ, ತರ್ಕ ಇವುಗಳನ್ನು ಕನ್ನಡದಲ್ಲಿ ಕಲಿತರೂ ಅವು ಅಷ್ಟೇ ನಿಜ. ಇಂಗ್ಲಿಷನ್ನು ಆಮೇಲೆ ರೂಢಿಸಿಕೊಳ್ಳಬಹುದು. ಯೋಚಿಸುವ ಅಭ್ಯಾಸವನ್ನು ತಡವಾಗಿ ರೂಢಿಸಿಕೊಳ್ಳುವುದು ಕಷ್ಟ.

ನಮ್ಮ ತಂದೆಯವರೊಡನೆ ನಾನೊಂದು ಒಪ್ಪಂದ ಮಾಡಿಕೊಂಡಿದ್ದೇನೆ. ಈ ಸಲದ ಗೇಟ್ ಪರೀಕ್ಷೆಯಲ್ಲಿ ತಕ್ಕ ಸ್ಥಾನ ಬಂದರೆ ಸಂಶೋಧನೆ. ಬಾರದಿದ್ದರೆ ಕೈಯಲ್ಲಿರುವ ಕೆಲಸಕ್ಕೆ ಸೇರಿ, ಸಾಲ ತೀರಿಸಿ, ಮತ್ತೆ ಪ್ರಯತ್ನಿಸುವುದು. ಇಷ್ಟಕ್ಕೆ ಒಪ್ಪಲು ಅವರಿಗೆ ಮೂರು ದಿನ ಬೇಕಾಯಿತು. ದೊಡ್ಡಪ್ಪನವರಿಗೆ ಹೇಳಬೇಕಾದ ಉತ್ತರ ಮಾತ್ರ ಈಗ ಸಿದ್ಧವಾಗಿದೆ. ಯಂತ್ರವನ್ನು ಕಂಡುಹಿಡಿದಾಗಿದೆ, ನಿಜ. ಆದರೆ 57 ಕೆರೆಗಳ ಲೆಕ್ಕ ಇನ್ನೂ ಬಾಕಿಯಿದೆ.